ದೊಡ್ಡ ಕೂಸಿಗೆ ಲಾಲಿ

ಗುತ್ತಿಗೆದಾರ ಪಂಪಾಪತಿಗೆ ಮನೆಯಲ್ಲೂ ದರ್ಬಾರಿನ ಗತ್ತು. ಕೂಸು ನೋಡಿಕೊಳ್ಳುವ ಹುಲಿಗೆಮ್ಮನಿಗೆ ಅಪ್ಪಣೆಯಾಯಿತು: "ಎಂಟಕ್ಕ ಕೂಸು ಮಲಗಿರಬೇಕು. ಕಥಿ ಬ್ಯಾಡ, ಲಾಲಿ ಬ್ಯಾಡ. ಆಗಲಿಲ್ಲಂದ್ರ ನಾಳಿಂದ ನೀ ಬರಬ್ಯಾಡ."

ಅಪ್ಪಣೆ ಕೊಡೋದಕ್ಕೇನು, ನಾಲಿಗೆಗೆ ಎಲುಬಿಲ್ಲ. ಅವನೇ ಟೀವಿ ಮುಂದೆ ಕೂತು, ಬೌಂಡರಿ ಬಿದ್ದಾಗಲೆಲ್ಲ ಮಾಳಿಗೆ ಹಾರುವಂತೆ ಕೂಗುತ್ತಿದ್ದ. ಕೂಸು ಕಣ್ಣು ಮುಚ್ಚುವುದು, ಬೆಚ್ಚಿ ಏಳುವುದು.

ಎಂಟಕ್ಕೆ ಐದೇ ನಿಮಿಷ ಉಳಿದಿತ್ತು. ಹುಲಿಗೆಮ್ಮ ಹೋಗಿ ಮೇನ್ ಸ್ವಿಚ್ಚನ್ನೇ ಇಳಿಸಿದಳು. ಮನೆಯೆಲ್ಲ ಕತ್ತಲು. ಸೆರಗಿನಿಂದ ಗಾಳಿ ಹಾಕಿದಳು, ಕೂಸು ಮಲಗಿಬಿಟ್ಟಿತು.

"ಕೊನೇ ಓವರ್ ಐತಿ! ಯಾಂವಲೇ ಕರೆಂಟ್ ತಗದಾಂವ?" ಪಂಪಾಪತಿ ನೆಲಕ್ಕೆ ಕಾಲು ಬಡಿದ.

"ಮೆಲ್ಲಗ್ರಿ ಧಣ್ಯಾರ," ಅಂದಳು ಹುಲಿಗೆಮ್ಮ. "ಸಣ್ಣ ಕೂಸು ಮಲ್ಕೊಂಡೈತಿ. ಇನ್ನ ರಚ್ಚಿ ಹಿಡಿದಿದ್ದು ದೊಡ್ಡ ಕೂಸೊಂದ. ಅದಕ್ಕರ ಲಾಲಿ ಹಾಡ್ಲೇನ್ರಿ?"