ಊರ ನಡುವಿನ ಕೊಂಡವಾಡ

“ಗುರುಗಳೇ, ತಪ್ಪು ಮಾಡಿದವನನ್ನು ನಮ್ಮಿಂದ ಎಷ್ಟು ದೂರ ಇಡಬೇಕು?” ಎಂದು ಮರುಳಸಿದ್ಧ ಕೇಳಿದ.

ಮರುಳಸಿದ್ಧ ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಅಡುಗೆಯ ಈರಯ್ಯ ಉಗ್ರಾಣದ ತುಪ್ಪ ಕದ್ದು ತಿಂದು, ಮೀಸೆಗೆ ಅಂಟಿದ್ದನ್ನು ಒರೆಸಿಕೊಳ್ಳುವಷ್ಟರಲ್ಲಿ ಸಿಕ್ಕಿಬಿದ್ದಿದ್ದ. ಮರುಳಸಿದ್ಧ ಅವನನ್ನು ಹುಣಸೆತೋಪಿನ ಆಚೆಯ ಹಳೆಯ ಕೊಟ್ಟಿಗೆಗೆ ಅಟ್ಟಿ, ಇತ್ತ ಸುಳಿಯಬೇಡ ಎಂದಿದ್ದ. ಆದರೂ ಸಮಾಧಾನವಿರಲಿಲ್ಲ. ಇನ್ನೂ ದೂರ ಕಳಿಸಬೇಕಿತ್ತೇನೋ ಎಂಬುದೇ ಚಿಂತೆ.

ಗುರುಗಳು ನಕ್ಕರು. “ಕೂತುಕೋ. ತುಪ್ಪವಂತೂ ಹೋಯಿತು, ಕತೆಯನ್ನಾದರೂ ಕೇಳು” ಎಂದು ಶುರುಮಾಡಿದರು.

ಒಂದು ಊರು. ಊರಿಗೆ ಅಂಟಿಕೊಂಡ ಹಾಗೆ ಒಂದು ಸಮತಟ್ಟಾದ ಬಯಲು. ಬಯಲಿನ ಆ ತುದಿಯಲ್ಲಿ ಸರ್ಕಾರದ ಬಾಲಮಂದಿರ. ಚಿಕ್ಕ ವಯಸ್ಸಿನಲ್ಲೇ ಕಳವು, ಹೊಡೆದಾಟ ಎಂದು ಸಿಕ್ಕಿಬಿದ್ದ ಹುಡುಗರನ್ನು ಅಲ್ಲಿಟ್ಟು ತಿದ್ದುತ್ತಿದ್ದರು. ಊರಿನವರು ಅದನ್ನು ಹುಡುಗರ ಜೈಲು ಎನ್ನುತ್ತಿದ್ದರು. ಯಾರೂ ಆ ಕಡೆ ಮುಖ ಹಾಕುತ್ತಿರಲಿಲ್ಲ.

ಆ ಊರಿನಲ್ಲಿ ಒಬ್ಬ ರೈತ. ಒಳ್ಳೆಯ ಮನುಷ್ಯ, ಆದರೆ ಗಂಟಲು ಸ್ವಲ್ಪ ದೊಡ್ಡದು. ಅವನ ಮನೆಯಲ್ಲಿ ಮೂವರು ಅಣ್ಣತಮ್ಮಂದಿರ ಸಂಸಾರ, ಒಂದೇ ಒಲೆ, ಒಂದೇ ಬಚ್ಚಲು. ಬೆಳಿಗ್ಗೆ ಬಚ್ಚಲ ಮುಂದೆ ಹತ್ತಿಕೊಂಡ ಜಗಳ ಸಂಜೆ ಒಲೆಯ ಮುಂದೆ ಆರುತ್ತಿತ್ತು. ಬೇರೆ ಮನೆ ಕಟ್ಟದಿದ್ದರೆ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದ ಹಾಗಾಗುತ್ತದೆ ಎಂದು ಅವನಿಗೆ ದಿಗಿಲು. ಕಟ್ಟೋಣವೆಂದರೆ ಜಾಗವಿಲ್ಲ. ಊರಿನ ಅರ್ಧ ಮನೆಗಳ ಪಾಡೂ ಇದೇ ಆಗಿತ್ತು.

ಹೀಗಿರುವಾಗ ಹೊಸ ಬಡಾವಣೆಗೆ ನಕ್ಷೆ ಹಾಕಿಕೊಡಲು ಜಿಲ್ಲೆಯಿಂದ ಒಬ್ಬ ಅಧಿಕಾರಿಣಿ ಬಂದರು. ಪಂಚಾಯಿತಿ ಕಟ್ಟೆಯ ಮೇಲೆ ಸಭೆ ಸೇರಿತು. ಆಕೆ ಕಾಗದ ಹರಡಿ ಬಯಲಿನಲ್ಲಿ ಮನೆ ಜಾಗ, ರಸ್ತೆ, ನಲ್ಲಿ ಎಲ್ಲ ಗುರುತಿಸಿ ತೋರಿಸಿದರು. ಸಂಜೆಯೊಳಗೆ ಊರು ಒಪ್ಪಬೇಕು, ಇಲ್ಲವಾದರೆ ಮನೆ ಕಟ್ಟಲು ಸರ್ಕಾರ ಕೊಡುವ ನೆರವು ಪಕ್ಕದೂರಿಗೆ ಹೋಗುತ್ತದೆ ಎಂದರು.

ಎಲ್ಲರಿಗಿಂತ ಮೊದಲು ರೈತ ಎದ್ದ. “ಮೊದ್ಲು ಆ ಹುಡುಗರ ಜೈಲು ಎತ್ತಿಸ್ರಿ ಮೇಡಂ. ಅದರ ಪಕ್ಕದಾಗೆ ಸಂಸಾರಸ್ಥರು ಮನೆ ಕಟ್ಟಾಕಾಗ್ತದಾ? ಗುಡ್ಡದಾಚೆಗೆ ಹಾಕ್ರಿ. ನಮ್ಮ ಕಣ್ಣಿಗೂ ಬೀಳಬಾರ್ದು, ಕಿವಿಗೂ ಬೀಳಬಾರ್ದು!”

“ಅಂಬಾ” ಎಂದು ಕೇಳಿಸಿತು.

ಕಟ್ಟೆಯ ಪಕ್ಕದಲ್ಲೇ ಬಾವಿ, ಬಾವಿಯ ಪಕ್ಕದಲ್ಲೇ ಕೊಂಡವಾಡ. ಕಂಡವರ ಹೊಲಕ್ಕೆ ನುಗ್ಗಿದ ದನಗಳನ್ನು ಹಿಡಿದು ಕೂಡಿಹಾಕುವ ದೊಡ್ಡಿ ಅದು. ಆ ಬೆಳಿಗ್ಗೆ ರೈತನ ಕರು ಯಾರದೋ ಅವರೆಹೊಲಕ್ಕೆ ನುಗ್ಗಿ ಅಲ್ಲಿಗೆ ಸೇರಿತ್ತು. ಬೀಗದ ಕೈ ಪಂಚಾಯಿತಿ ಅಧ್ಯಕ್ಷೆಯ ಸೆರಗಿನಲ್ಲಿತ್ತು, ಸಭೆ ಮುಗಿಯದೆ ಬಿಡಿಸುವಂತಿರಲಿಲ್ಲ. ಕರುವಿಗೆ ಸಭೆಯ ಗೊಡವೆ ಏಕೆ? ಯಜಮಾನನ ದನಿ ಕೇಳಿತು, ಓಗೊಟ್ಟಿತು.

ಜನ ನಕ್ಕರು. ರೈತ ದನಿ ಏರಿಸಿದ. ಕರುವೂ ಏರಿಸಿತು. ಅವನು ಸುಮ್ಮನಾದರೆ ಅದೂ ಸುಮ್ಮನೆ, ಬಾಯಿ ತೆರೆದರೆ ಅದೂ ಶುರು. “ನಿನ್ ಕರುನೇ ಒಪ್ತಾ ಇಲ್ಲವಲ್ಲೋ” ಎಂದು ಅವನ ಅಣ್ಣನೇ ಕಿಚಾಯಿಸಿದ. ಆದರೂ ರೈತ ಪಟ್ಟು ಬಿಡಲಿಲ್ಲ. ಬಾಲಮಂದಿರವನ್ನು ಎತ್ತಲು ಬರುವುದಿಲ್ಲ ಎಂದು ಅಧಿಕಾರಿಣಿ ಸ್ಪಷ್ಟವಾಗಿ ಹೇಳಿದರು. ಹಾಗಾದರೆ ಬಯಲೇ ಬೇಡ ಎಂದ ರೈತ. ಅರ್ಧ ಸಭೆ ಅವನ ಜೊತೆ ತಲೆಯಾಡಿಸಿತು. ಹೊತ್ತು ಇಳಿಯುತ್ತಿತ್ತು.

ಆಕೆಗೂ ಸಾಕಾಯಿತು. ಸಿಕ್ಕಷ್ಟು ಜಾಗವನ್ನಾದರೂ ಹೊಂದಿಸೋಣವೆಂದು ಪೆನ್ಸಿಲ್ ಹಿಡಿದು ಸುತ್ತ ನೋಡಿದರು. “ಹೋಗಲಿ, ಈ ಕೊಂಡವಾಡವನ್ನು ಗುಡ್ಡದ ಆಚೆಗೆ ಹಾಕೋಣವೇ? ಇಲ್ಲಿ ಎರಡು ಮನೆಗೆ ಜಾಗವಾಗುತ್ತದೆ” ಎಂದರು.

ರೈತ ಹೌಹಾರಿದ. “ಎಲ್ಲಾದ್ರೂ ಉಂಟಾ ಮೇಡಂ? ಗುಡ್ಡದಾಚೆ ಕೂಡಿದ್ರೆ ನೀರು ಹಾಕೋರ್ಯಾರು? ಇಲ್ಲಿದ್ರೆ ಬಾವಿಗೆ ಬಂದೋರು ಒಂದು ಕೊಡ ಸುರೀತಾರೆ, ಹೋಗೋ ಬರೋರು ಒಂದು ಹಿಡಿ ಹುಲ್ಲು ಎಸೀತಾರೆ. ಹೊಲ ಹಾಳಾದೋನೂ ಬೈಕೊಂಡೇ ಎಸೀತಾನೆ. ಜನರ ಸುಳಿವೇ ಇಲ್ಲದ ಕಡೆ ಬಿಟ್ರೆ ಅದು ಮನುಷ್ಯರನ್ನ ಮರ್ತು ಕಂಡೋರಿಗೆಲ್ಲ ಹಾಯಾಕೆ ಶುರು ಮಾಡ್ತದೆ. ಅವರೆ ತಿಂದಿದ್ದು ತಪ್ಪೇ, ಇಲ್ಲ ಅನ್ನಲ್ಲ. ಹಂಗಂತ ಅದು ನಮ್ ಕರು ಅಲ್ವಾ?”

“ಅಂಬಾ” ಎಂದಿತು ಕರು. ಈ ಸಲ ಯಾರೂ ನಗಲಿಲ್ಲ.

ಅಧ್ಯಕ್ಷೆ ಬಯಲಿನ ಆಚೆ ತುದಿಯ ಬಾಲಮಂದಿರದ ಗೋಡೆಯನ್ನೇ ನೋಡುತ್ತಿದ್ದಳು. ಕೂರಲು ಹೋದ ರೈತ ಅರ್ಧಕ್ಕೇ ನಿಂತ. ಅವನ ಮಾತು ಅವನಿಗೇ ಕೇಳಿಸಿತ್ತು. ನಾಚಿಕೆಯಾಯಿತು, ತುಂಬ ನಾಚಿಕೆಯಾಯಿತು. ಆದರೆ ದೊಡ್ಡ ಗಂಟಲಿನವರಲ್ಲಿ ಒಂದು ಒಳ್ಳೆಯ ಗುಣವಿದೆ. ಸೋತರೂ ಊರಿಗೆಲ್ಲ ಕೇಳುವ ಹಾಗೆ ಸೋಲುತ್ತಾರೆ.

“ಬರಕಳ್ರಿ ಮೇಡಂ” ಎಂದು ಕೂಗಿದ. “ಆ ಮಂದಿರದ ಗೇಟಿಗೆ ಹತ್ರದ ಜಾಗ ಯಾವ್ದೈತೋ ಅದು ನಂದು.”

ಅವನೇ ಹಾಗೆಂದ ಮೇಲೆ ಉಳಿದವರಿಗೆ ಬೇಡವೆನ್ನಲು ಬಾಯಿ ಎಲ್ಲಿ? ಊರು ಒಪ್ಪಿತು. ಅಧ್ಯಕ್ಷೆ ಸೆರಗಿನ ಗಂಟು ಬಿಚ್ಚಿ ಬೀಗ ತೆಗೆದಳು. ಕರು ಅವರೆಯ ಬಳ್ಳಿಯನ್ನು ಕೊರಳಿಗೆ ಸುತ್ತಿಕೊಂಡೇ ಹೊರಗೆ ಬಂತು.

ಬಯಲಿನಲ್ಲಿ ಮನೆಗಳು ಎದ್ದವು. ರೈತನ ಅಡುಗೆಮನೆಯ ಕಿಟಕಿ ಮಂದಿರದ ಗೋಡೆಯ ಕಡೆಗೇ ತೆರೆಯಿತು. ಅವನ ಮನೆಯ ಜಗಳ ಆ ಹುಡುಗರಿಗೆ ಕೇಳುತ್ತಿತ್ತು, ಅವರ ಗಲಾಟೆ ಇವನಿಗೆ ಕೇಳುತ್ತಿತ್ತು. ಒಂದು ಸಂಜೆ ಗೋಡೆಯ ಆಚೆ ಯಾರೋ ಅಳುವುದು ಕೇಳಿಸಿತು. ರೈತನ ಹೆಂಡತಿ ಹೆಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ಗೇಟಿಗೆ ಹೋಗಿ ಏನೆಂದು ಕೇಳಿದಳು. ಹಲ್ಲುನೋವು. ತಿರುಗಿ ಬಂದು ಲವಂಗ ಒಯ್ದು ಕಾವಲಿನವನ ಕೈಗೆ ಕೊಟ್ಟಳು. ರೈತ ಅಂದು ಸೀದ ರೊಟ್ಟಿ ತಿಂದ. ಗೊಣಗಿದ, ಆದರೆ ತಿಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಉಗ್ರಾಣದವನಲ್ಲವೇ, ಮರುಳಸಿದ್ಧನಿಗೆ ಅಳತೆ ಬೇಕಿತ್ತು. “ಕತೆ ಚೆನ್ನಾಗಿದೆ ಗುರುಗಳೇ. ಆದರೆ ಎಷ್ಟು ದೂರ ಎಂದು ತಾವು ಹೇಳಲೇ ಇಲ್ಲ.”

“ಅವನು ಕೂಗಿದರೆ ನಿನಗೆ ಕೇಳಿಸುವಷ್ಟು” ಎಂದರು ಗುರುಗಳು.

ಮರುಳಸಿದ್ಧ ಹುಣಸೆತೋಪಿನ ಕಡೆಗೆ ಕಿವಿಗೊಟ್ಟು ಕುಳಿತ. ಆ ಕಡೆಯಿಂದ ಏನೂ ಕೇಳಿಸಲಿಲ್ಲ.