ಎಲೆಯ ಮುಂದೆ ಕೇಳಿದ ಪ್ರಶ್ನೆ

“ಗುರುಗಳೇ, ಉಣ್ಣುವವರೇ ಊಟ ಚೆನ್ನಾಗಿದೆ ಎಂದ ಮೇಲೆ ಅದನ್ನು ಅನುಮಾನಿಸುವುದು ನ್ಯಾಯವೇ?” ಎಂದು ಶಿಷ್ಯ ಕೇಳಿದ.

ಗುರುಗಳ ಮುಂದೆ ಒಂದು ವರದಿ ಇತ್ತು. ನಾಡಿನ ಮುದುಕರಿಗಾಗಿ ಅರಮನೆ ನಡೆಸುವ ಛತ್ರದಲ್ಲಿ ಎಲ್ಲವೂ ಸರಿಯಾಗಿದೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಮಠದ ಮುದ್ರೆ ಬೀಳಬೇಕಿತ್ತು. ನಿಜ ಏನೆಂದು ನೋಡಿ ಬಾ ಎಂದು ಗುರುಗಳು ಹಿಂದಿನ ದಿನ ಶಿಷ್ಯನನ್ನು ಆ ಛತ್ರಕ್ಕೆ ಕಳಿಸಿದ್ದರು.

“ನಾನು ಅವರಿವರ ಮಾತು ಕೇಳಿ ಬಂದಿಲ್ಲ. ಪಂಕ್ತಿಯಲ್ಲಿ ಕುಳಿತವರನ್ನು ಒಬ್ಬೊಬ್ಬರನ್ನಾಗಿ ನಾನೇ ಕೇಳಿದೆ. ಮಠದಿಂದ ಬಂದವನೆಂದು ಛತ್ರದವರು ಸಾರಿನ ಸೌಟನ್ನು ನನ್ನ ಕೈಗೇ ಕೊಟ್ಟು ಗೌರವಿಸಿದರು. ಒಬ್ಬರೂ ದೂರಲಿಲ್ಲ. ಮುದ್ರೆ ಒತ್ತುವುದಕ್ಕೆ ಇನ್ನೇಕೆ ತಡ?”

ಗುರುಗಳು ಮುದ್ರೆಯನ್ನು ಮುಟ್ಟಲಿಲ್ಲ. ಕುಳಿತುಕೋ ಎಂದು ಸನ್ನೆ ಮಾಡಿ ಹೇಳತೊಡಗಿದರು.

ಒಬ್ಬ ದೊರೆ ಇದ್ದ. ದುಡಿಯುವ ಶಕ್ತಿ ಹೋದ ಮುದುಕರಿಗೆಂದು ಒಂದು ಛತ್ರ ಕಟ್ಟಿಸಿದ. ಅಕ್ಕಿ ಕೊಟ್ಟ, ಸೌದೆ ಕೊಟ್ಟ, ನೋಡಿಕೊಳ್ಳಲು ಒಬ್ಬ ಪಾರುಪತ್ಯಗಾರನನ್ನು ನೇಮಿಸಿದ. “ಎಷ್ಟು ಎಲೆ ಹಾಕಿದಿರಿ ಎಂದು ನನಗೆ ಹೇಳಬೇಡಿ. ಉಣ್ಣುವವರನ್ನು ಕೇಳಿ, ಅವರು ಹೇಳಿದ್ದನ್ನು ತಿಂಗಳಿಗೊಮ್ಮೆ ನನಗೆ ತಿಳಿಸಿ” ಎಂದ. ಒಳ್ಳೆಯ ಅಪ್ಪಣೆ. ಅದರಲ್ಲಿ ತಪ್ಪು ಹುಡುಕುವಂತಿರಲಿಲ್ಲ.

ಮೊದಲ ತಿಂಗಳು ಪಾರುಪತ್ಯಗಾರ ಊಟವಾದ ಮೇಲೆ ಕೇಳಿದ. ಮುದುಕರು ಕೈ ತೊಳೆದು ಜಗಲಿಯ ಮೇಲೆ ಕಾಲು ಚಾಚಿ ಅಡಿಕೆ ಕುಟ್ಟುತ್ತಿದ್ದರು. ಹೊಟ್ಟೆಯಲ್ಲಿದ್ದುದನ್ನೆಲ್ಲ ಹೇಳಿದರು. ಅನ್ನ ಬೆಂದಿರುವುದಿಲ್ಲ, ಒಳಗೆ ಕಾಳು ಕಾಳಾಗಿರುತ್ತದೆ ಎಂದರು. ನಮಗೆ ಹಲ್ಲಿಲ್ಲ, ನುಂಗಿದರೆ ಹೊಟ್ಟೆ ನೋಯುತ್ತದೆ ಎಂದರು. ವರದಿ ಅರಮನೆಗೆ ಹೋಯಿತು. ದೊರೆ ಪಾರುಪತ್ಯಗಾರನನ್ನು ಕರೆಸಿ, ತುಂಬಿದ ಸಭೆಯಲ್ಲಿ ಬೈದ.

ಪಾರುಪತ್ಯಗಾರ ದಡ್ಡನಲ್ಲ. ಅನ್ನ ಬೇಯಬೇಕಾದರೆ ಇನ್ನಷ್ಟು ಸೌದೆ ಒಡೆಸಬೇಕು. ಅಡುಗೆಯವರನ್ನು ಬೇಗ ಎಬ್ಬಿಸಬೇಕು, ಒಲೆಯ ಮುಂದೆ ನಿಂತು ಕಾಯಬೇಕು. ಕೇಳುವ ಹೊತ್ತನ್ನು ಬದಲಿಸುವುದಕ್ಕೆ ಇದಾವುದೂ ಬೇಡ. ಅವನು ಅನ್ನವನ್ನು ಹಾಗೆಯೇ ಬಿಟ್ಟು ಹೊತ್ತನ್ನು ಬದಲಿಸಿದ.

ಮುಂದಿನ ತಿಂಗಳಿಂದ ಊಟದ ನಡುವೆಯೇ ಕೇಳಿದ.

ಆ ನಾಡಿನಲ್ಲೂ ನಮ್ಮಲ್ಲಿಯ ಹಾಗೆಯೇ, ಎಲೆಯ ಮುಂದೆ ಕುಳಿತು ಅನ್ನವನ್ನು ಹಳಿಯುವ ರೂಢಿಯಿಲ್ಲ. ಕೂಸು ಮುಖ ಕಿವುಚಿದರೂ ತಾಯಿ ಕಣ್ಣು ಬಿಟ್ಟು ಹೆದರಿಸುತ್ತಾಳೆ. ಹೇಳುವುದಿದ್ದರೆ ಎದ್ದು ಕೈ ತೊಳೆದ ಮೇಲೆ ಹೇಳಬೇಕು. ಹಾಗೆ ಬೆಳೆದು, ಹಾಗೆಯೇ ಮಕ್ಕಳನ್ನು ಬೆಳೆಸಿ, ಮುದುಕರಾದವರು ಅವರು. ಕೈಯಲ್ಲಿ ತುತ್ತು ಇರುವಾಗ, ಸೌಟು ಹಿಡಿದವನು ಎದುರಿಗೆ ಬಗ್ಗಿ “ಅಜ್ಜಾ, ಊಟ ಚೆನ್ನಾಗಿದೆಯೇ?” ಎಂದರೆ ಏನು ಹೇಳುತ್ತಾರೆ? ಚೆನ್ನಾಗಿದೆ ಎಂದರು. ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲರೂ ಚೆನ್ನಾಗಿದೆ ಎಂದರು.

ದೊರೆ ಸಂತೋಷಪಟ್ಟು ಪಾರುಪತ್ಯಗಾರನಿಗೆ ಶಾಲು ಹೊದಿಸಿದ. ಶಾಲು ಬಂದ ಮೇಲೆ ಅನ್ನವನ್ನು ಇನ್ನೂ ಬೇಗ ಇಳಿಸತೊಡಗಿದರು.

ಆ ಪಂಕ್ತಿಯಲ್ಲಿ ಒಬ್ಬ ಮುದುಕಿ ತನ್ನ ಗಂಡನೊಡನೆ ಬಂದು ಕೂರುತ್ತಿದ್ದಳು. ಗಂಡನ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಅವಳು ಅವನ ಎಲೆಯ ಅನ್ನವನ್ನು ಬೆರಳಿನಿಂದ ಹಿಸುಕಿ ನೋಡುತ್ತಿದ್ದಳು. ಬೇಯದ ಕಾಳು ಹಿಸುಕಿದರೆ ಮೆತ್ತಗಾಗುವುದಿಲ್ಲ. ಅವನು ದಿನದಿನಕ್ಕೂ ಒಣಗುತ್ತಿದ್ದ. ಮನೆಯಲ್ಲಿ ಗಂಜಿ ಕಾಯಿಸಿ ಕೊಡೋಣವೆಂದರೆ ಛತ್ರದ ಕಟ್ಟಳೆ ಅಡ್ಡ ಬರುತ್ತಿತ್ತು. ಮನೆಯಲ್ಲಿ ಒಲೆ ಹೊತ್ತಿಸುವವರಿಗೆ ಛತ್ರದಲ್ಲಿ ಎಲೆ ಇಲ್ಲ.

ಒಂದು ದಿನ ಅವಳು ಬಾಗಿಲಲ್ಲಿ ಪಾರುಪತ್ಯಗಾರನನ್ನು ತಡೆದು ನಿಲ್ಲಿಸಿದಳು.

“ಒಲೆಗೆ ಇನ್ನೆರಡು ಸೌದೆ ಹಾಕಿಸಪ್ಪ. ಹಲ್ಲು ಬಾರದ ಕೂಸಿಗೆ ಅನ್ನ ನುರಿದು ತಿನ್ನಿಸುತ್ತಾರೆ. ಹಲ್ಲು ಉದುರಿದವರು ಮಾತ್ರ ಕಲ್ಲು ನುಂಗಬೇಕೇ?”

“ನಿನ್ನೆ ನೀನೇ ಚೆನ್ನಾಗಿದೆ ಎಂದೆಯಲ್ಲ ಅಜ್ಜಿ? ಎಲೆಯ ಮುಂದೆ ಒಂದು ಮಾತು, ಬಾಗಿಲಲ್ಲಿ ಒಂದು ಮಾತು. ಈ ವಯಸ್ಸಿನಲ್ಲಾದರೂ ನಾಲಿಗೆ ನೆಟ್ಟಗಿರಬಾರದೇ?” ಎಂದು ಅವನು ಹೋದ.

ಕೆಲವು ದಿನಗಳಲ್ಲಿ ದೊರೆಯೇ ಛತ್ರವನ್ನು ನೋಡಲು ಬಂದ. ಅಧಿಕಾರಿ ಬರುವ ದಿನ ಅಡುಗೆ ರುಚಿಯಾಗುವುದು ಎಲ್ಲ ಕಡೆಯ ಪದ್ಧತಿ. ಪಾರುಪತ್ಯಗಾರ ಆ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಅಂದಿನ ಅನ್ನವೂ ಕಾಳು ಕಾಳಾಗಿತ್ತು. ಅವನು ದೊರೆಯ ಕೈಗೆ ತುಪ್ಪದ ಮಿಳ್ಳೆ ಕೊಟ್ಟು, “ಪ್ರಭುಗಳೇ ಬಡಿಸಬೇಕು, ಪ್ರಭುಗಳೇ ಕೇಳಬೇಕು” ಎಂದ. ದೊರೆ ಪ್ರತಿಯೊಂದು ಎಲೆಯ ಮುಂದೆಯೂ ಬಗ್ಗಿ ತುಪ್ಪ ಹಾಕಿದ, ಪ್ರತಿಯೊಬ್ಬರನ್ನೂ ಕೇಳಿದ. ಪ್ರತಿಯೊಬ್ಬರೂ ಚೆನ್ನಾಗಿದೆ ಎಂದರು.

ಮುದುಕಿಯ ಸರದಿ ಬಂತು. ಅವಳು ಒಂದು ತುತ್ತೂ ಉಣ್ಣದೆ ಎಲೆಯನ್ನು ಮಡಚಿದಳು. ಮಂಡಿ ಹಿಡಿದು ಎದ್ದಳು. ಹಿತ್ತಿಲಿಗೆ ಹೋಗಿ ಕೈ ತೊಳೆದು ಬಂದು ದೊರೆಯ ಎದುರು ನಿಂತಳು.

“ಈಗ ಕೇಳಪ್ಪ ದೊರೆ. ಈಗ ನನ್ನ ಮುಂದೆ ಎಲೆ ಇಲ್ಲ. ಅನ್ನವನ್ನು ನಾನು ಬೈಯುವುದಿಲ್ಲ. ಅದನ್ನು ಬೇಯುವ ಮೊದಲೇ ಒಲೆಯಿಂದ ಇಳಿಸುವವರನ್ನು ಬೈಯುತ್ತೇನೆ. ನನ್ನ ಗಂಡ ನಿನ್ನ ಛತ್ರದಲ್ಲಿ ದಿನವೂ ಉಂಡು ಉಪವಾಸ ಸಾಯುತ್ತಿದ್ದಾನೆ.”

ಪಾರುಪತ್ಯಗಾರ ಕೈ ಮುಗಿದು ಮುಂದೆ ಬಂದ. “ಪ್ರಭು, ಉಣ್ಣುವವರನ್ನು ಕೇಳಬೇಕೆಂದು ತಮ್ಮ ಅಪ್ಪಣೆ. ಕೈ ತೊಳೆದವರು ಪಂಕ್ತಿಗೆ ಸೇರಿದವರಲ್ಲ. ಇವಳ ಮಾತನ್ನು ಯಾವ ಲೆಕ್ಕಕ್ಕೆ ಹಿಡಿಯಲಿ?”

“ಉಣ್ಣುವವರು ಹೇಳುವ ಹಾಗಿಲ್ಲ, ಹೇಳುವವರು ಉಂಡವರಲ್ಲ. ನಿನ್ನ ಲೆಕ್ಕ ಬಲು ಚೆನ್ನಾಗಿದೆ ಕಣಪ್ಪ” ಎಂದಳು ಮುದುಕಿ.

ದೊರೆಗೆ ಗೊಂದಲವಾಯಿತು. ಒಂದು ಕಡೆ ಇಡೀ ಪಂಕ್ತಿ, ಇನ್ನೊಂದು ಕಡೆ ಒಬ್ಬಳು ಮುದುಕಿ. ಅವನು ಅವಳ ಗಂಡನ ಎಲೆಯ ಮುಂದೆ ಹೋಗಿ ಬಗ್ಗಿದ. ಮಿಳ್ಳೆ ಇನ್ನೂ ಅವನ ಕೈಯಲ್ಲೇ ಇತ್ತು. “ನೀನು ಹೇಳಜ್ಜ. ಊಟ ಹೇಗಿದೆ?”

ಮುದುಕ ಹೆಂಡತಿಯ ಕಡೆ ನೋಡಿದ. ಎಲೆಯ ಕಡೆ ನೋಡಿದ. ಕೈಯಲ್ಲಿ ತುತ್ತು ಇತ್ತು, ಅದರ ಮೇಲೆ ದೊರೆಯೇ ಹಾಕಿದ ತುಪ್ಪ ಇತ್ತು. ಬದುಕಿನುದ್ದಕ್ಕೂ ಮರ್ಯಾದೆಯಿಂದ ಉಂಡ ಬಾಯಿ ಅದು. ಸಾವು ಹತ್ತಿರವಾದಾಗಲೂ ಅದಕ್ಕೆ ಬೇರೆ ಮಾತು ಬರಲಿಲ್ಲ.

“ಚೆನ್ನಾಗಿದೆ ದೊರೆ” ಎಂದ.

“ನಿನ್ನ ಗಂಡನೇ ಚೆನ್ನಾಗಿದೆ ಎನ್ನುತ್ತಾನಲ್ಲ ಅಜ್ಜಿ” ಎಂದು ದೊರೆ ನಿಟ್ಟುಸಿರು ಬಿಟ್ಟ. ಮಿಳ್ಳೆಯನ್ನು ಪಾರುಪತ್ಯಗಾರನಿಗೆ ಕೊಟ್ಟು ಅರಮನೆಗೆ ಹೋದ.

ಪಂಕ್ತಿಯ ನಡುವೆ ಎದ್ದವರಿಗೆ ಇನ್ನು ಛತ್ರದಲ್ಲಿ ಎಲೆ ಇಲ್ಲ ಎಂದು ಮರುದಿನ ಹೊಸ ಕಟ್ಟಳೆ ಬಂತು. ಮುದುಕಿ ಮನೆಯಲ್ಲಿ ಒಲೆ ಹೊತ್ತಿಸಿದಳು. ಒಲೆ ಹೊತ್ತಿದ್ದರಿಂದ ಅವಳ ಗಂಡನ ಎಲೆಯೂ ಹೋಯಿತು. ಅವಳು ಅವರಿವರಲ್ಲಿ ಬೇಡಿದ ಅಕ್ಕಿಯನ್ನು ನೀರಾಗುವವರೆಗೆ ಬೇಯಿಸಿ ಅವನಿಗೆ ಕುಡಿಸಿದಳು. ಅಷ್ಟು ಹೊತ್ತಿಗೆ ಅವನ ಹೊಟ್ಟೆ ಗಂಜಿಯನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ಮಳೆ ಹಿಡಿಯುವ ಮೊದಲೇ ಅವನು ತೀರಿಕೊಂಡ.

ಆ ತಿಂಗಳ ವರದಿ ಹಿಂದಿನ ಎಲ್ಲ ವರದಿಗಳಿಗಿಂತ ಚೆನ್ನಾಗಿತ್ತು. ದೂರಿದವರು ಯಾರೂ ಇರಲಿಲ್ಲ. ಛತ್ರದಲ್ಲಿ ಎರಡು ಎಲೆ ಏಕೆ ಕಡಿಮೆಯಾಯಿತು ಎಂಬುದಕ್ಕೆ ಪಾರುಪತ್ಯಗಾರ ಹೀಗೆ ಬರೆಸಿದ್ದ: ಇಬ್ಬರು ತೃಪ್ತರಾಗಿ ಹೊರಟುಹೋದರು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು.

ಶಿಷ್ಯನ ಮುಖ ಸಿಟ್ಟಿನಿಂದ ಕೆಂಪಾಗಿತ್ತು. “ಪಾರುಪತ್ಯಗಾರ ಪಾಪಿ, ಸರಿ. ಆದರೆ ಆ ದೊರೆ ಎಂಥ ಮೂಢ, ಗುರುಗಳೇ! ಕೈಯಲ್ಲಿ ತುಪ್ಪ ಹಿಡಿದು, ತುತ್ತು ಎತ್ತಿದವನನ್ನು ಕೇಳಿದರೆ ಅವನು ಇನ್ನೇನು ಹೇಳುತ್ತಾನೆ? ಇಷ್ಟೂ ತಿಳಿಯಬಾರದೇ ಅವನಿಗೆ?”

ಗುರುಗಳು ವರದಿಯನ್ನು ಶಿಷ್ಯನ ಕಡೆಗೆ ಸರಿಸಿದರು.

“ನಿನ್ನೆ ನೀನು ಕೇಳುವಾಗ ನಿನ್ನ ಕೈಯಲ್ಲಿ ಏನಿತ್ತು, ಮಗು?”