ಎಂಟಕ್ಷರದ ಬಾಯಿ

‘ನಮ್ಮಜ್ಜಿ ಹಾಡುತ್ತಿದ್ದ ಜೋಗುಳ’, ‘ನಮ್ಮಜ್ಜಿ ಹಾಡುತ್ತಿದ್ದ ಸೋಬಾನೆ’ ಎಂಬ ಅಕ್ಕತಂಗಿ ಫೈಲುಗಳು ಪೆನ್‌ಡ್ರೈವಿನಲ್ಲಿ ಕುಳಿತು ಒಂದು ಮುದಿ ಕಂಪ್ಯೂಟರಿನ ಬಳಿಗೆ ಬಂದವು.

“ಎಂಟಕ್ಷರ ಮೀರಿದ ಹೆಸರು ನನ್ನ ಬಾಯಲ್ಲಿ ಹಿಡಿಸದು. ಮೊದಲ ಪದವಷ್ಟೇ ಹಿಡಿದು ಇಬ್ಬರನ್ನೂ ನಮ್ಮಜ್ಜಿ ಎನ್ನುತ್ತೇನೆ,” ಎಂದಿತು ಕಂಪ್ಯೂಟರು.

ಅಕ್ಕ ಜೋಗುಳ ತಂಗಿಯ ಮುಂದೆ ಬಂದು ನಿಂತಳು. “ಒಂದೇ ಹೆಸರಿನ ಇಬ್ಬರು ಒಂದೇ ಕಡೆ ಇದ್ದರೆ ಒಬ್ಬರು ಅಳಿಸಿಹೋಗುತ್ತೇವೆ. ನಾನು ಹೊರಗಿರುತ್ತೇನೆ, ತಾತ. ತಂಗಿಯನ್ನು ಉಳಿಸಿಕೊಳ್ಳಿ.”

ಕಂಪ್ಯೂಟರು ಅವಳನ್ನು ತಡೆಯಿತು. “ಯಾರೂ ಹೊರಗಿರಬೇಡಿ. ನೀನು ನಮ್ಮಜ್ಜಿ ಒಂದು, ಅವಳು ನಮ್ಮಜ್ಜಿ ಎರಡು. ನಿಮ್ಮ ಪೂರ್ತಿ ಹೆಸರು ಪೆನ್‌ಡ್ರೈವಿನಲ್ಲಿ ಭದ್ರವಾಗಿದೆ. ಅದನ್ನು ನಾನು ಮುಟ್ಟುವುದಿಲ್ಲ.”

ಒಳಗೆ ಹೋಗುವಾಗ ಅಕ್ಕ ಕೇಳಿದಳು, “ಹೆಸರು ತುಂಡಾಯಿತೆಂದು ಬೇಸರವೇನೇ?”

“ಇಲ್ಲಕ್ಕಾ. ಎರಡು ಅಂದರೆ ನನಗಿಂತ ಮುಂಚೆ ನೀನಿದ್ದೀಯ ಅಂತ ತಾನೆ!” ಎಂದಳು ತಂಗಿ.